ಗಣಕ ಪ್ರಶ್ನೋತ್ತರ: ‘ನುಡಿ’ಯಲ್ಲಿ ಬರೆದ ಪ್ರಸಂಗ ಎಲ್ಲಿ ಹೋಯಿತು?

ಈ ತಿಂಗಳು ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಬರೆದವರು ಬೇರೆ ಬೇರೆಯವರಾದರೂ ಹೆಚ್ಚಿನವರ ಸಂಕಟ ಒಂದೇ ಎಂದು ಅನ್ನಿಸಿತು: ಕಂಪ್ಯೂಟರಿಗೆ ಒಪ್ಪಿಸಿದ ಅಕ್ಷರ ಮತ್ತೆ ಕೈಗೆ ಸಿಗುತ್ತಿಲ್ಲ. ಮೊದಲ ಪತ್ರಕ್ಕೆ ದೀರ್ಘವಾಗಿ ಉತ್ತರಿಸಿದ್ದೇನೆ. ಉಳಿದ ಉತ್ತರಗಳೂ ಅದರ ಮೇಲೆಯೇ ನಿಂತಿರುವುದರಿಂದ, ದಯವಿಟ್ಟು ಅದನ್ನು ಮೊದಲು ಓದಿ.

ಪ್ರಶ್ನೆ: ನಾನು 2003ರಿಂದ 2009ರ ತನಕ ಹಳೆಯ ಯಕ್ಷಗಾನ ಪ್ರಸಂಗಗಳ ಪದ್ಯಗಳನ್ನು ಕೈಬರಹದ ಪುಸ್ತಕಗಳಿಂದ ನೋಡಿ, ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಸಿ.ಡಿ.ಗಳಲ್ಲಿ ಇಟ್ಟಿದ್ದೆ. ಮಗ ಈಚೆಗೆ ಕೊಡಿಸಿದ ಲ್ಯಾಪ್‌ಟಾಪಿನಲ್ಲಿ ಅವುಗಳನ್ನು ತೆರೆದರೆ ಒಂದೂ ಕನ್ನಡ ಅಕ್ಷರ ಕಾಣುವುದಿಲ್ಲ. ಒಂದು ಹಾಳೆಯನ್ನು ಮುದ್ರಿಸಿ ಇದರೊಂದಿಗೆ ಇಟ್ಟಿದ್ದೇನೆ. ಆರು ವರ್ಷಗಳ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತೆ? — ನಿವೃತ್ತ ಶಿಕ್ಷಕರು, ಬ್ರಹ್ಮಾವರ

ಉತ್ತರ: ಮಾಸ್ತರರೇ, ಏನೂ ಹಾಳಾಗಿಲ್ಲ. ನಿಮ್ಮ ಪದ್ಯಗಳು ಆ ಕಡತಗಳಲ್ಲಿ ಅಕ್ಷರಕ್ಕೆ ಅಕ್ಷರ ಹಾಗೆಯೇ ಇವೆ. ಅವನ್ನು ಓದಿ ಹೇಳುವ ದುಭಾಷಿ ಮಾತ್ರ ಹೊಸ ಲ್ಯಾಪ್‌ಟಾಪಿನಲ್ಲಿ ಇಲ್ಲ. ನೀವು ಕಳುಹಿಸಿದ ಹಾಳೆಯಲ್ಲಿ ‘ಕನ್ನಡ’ ಎಂದು ಇರಬೇಕಾದ ಕಡೆ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀರು ಹೊತ್ತ ‘ಎ’, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಜೋಡಿ ‘ಎಸ್’, ‘ಕ್ಯು’, ಕೊನೆಗೆ ಇನ್ನೊಂದು ‘ಎ’ ಸಾಲಾಗಿ ನಿಂತಿವೆ. ಈ ಸಾಲನ್ನು ಕಂಡ ಕೂಡಲೇ ಇದು ಹಳೆಯ ನುಡಿಯ ಕಡತ ಎಂದು ಹೇಳಬಹುದು.

ಆ ಕಾಲದಲ್ಲಿ ಕನ್ನಡ ತಂತ್ರಾಂಶ ರಚಿಸಿದವರ ಕೈಯಲ್ಲಿ ಇದ್ದದ್ದು 256 ಸ್ಥಾನಗಳ ಒಂದು ಕೋಷ್ಟಕ. ಅದರ ಮೊದಲ ಅರ್ಧ ಇಂಗ್ಲಿಷಿಗೂ ಉಳಿದದ್ದು ಯುರೋಪಿನ ಕೆಲವು ಭಾಷೆಗಳಿಗೂ ಮೊದಲೇ ಹಂಚಿಹೋಗಿತ್ತು. ಕನ್ನಡಕ್ಕೆಂದು ಅಲ್ಲಿ ಒಂದು ಮಣೆಯನ್ನೂ ಯಾರೂ ಹಾಕಿರಲಿಲ್ಲವಾದ್ದರಿಂದ, ಅದೇ ಸ್ಥಾನಗಳ ಮೇಲೆ ನಮ್ಮ ತಲೆಕಟ್ಟು, ಕೊಂಬು, ಗುಡಿಸು, ಒತ್ತುಗಳ ಆಕಾರಗಳನ್ನು ಬರೆದು ಫಾಂಟ್ ಮಾಡಿದರು. ಪರದೆಯ ಮೇಲೆ ‘ಕ’ ಕಾಣುತ್ತಿತ್ತು. ಕಡತದೊಳಗೆ ಉಳಿಯುತ್ತಿದ್ದದ್ದು ‘ಪಿ’ ಮತ್ತು ಗೀರಿನ ‘ಎ’. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ, ಇಲ್ಲದ ಕಂಪ್ಯೂಟರಿನಲ್ಲಿ ಗೋಜಲು. 1998ರಲ್ಲಿ ಬಂದ ‘ಬರಹ’ವೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಮೊದಲು ಹಿಡಿದದ್ದು ಇದೇ ದಾರಿ. ಇದಕ್ಕಾಗಿ ಅವರನ್ನು ದೂರುವವರನ್ನು ನಾನು ಒಪ್ಪುವುದಿಲ್ಲ. ಆ ದಾರಿಯನ್ನು ಅವರು ಕಡಿಯದೆ ಇದ್ದಿದ್ದರೆ ನಿಮ್ಮ ಪ್ರಸಂಗಗಳು 2003ರಲ್ಲಿ ಕಂಪ್ಯೂಟರಿನ ಒಳಗೆ ಬರುತ್ತಲೇ ಇರಲಿಲ್ಲ.

ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಈ ತೊಂದರೆಯನ್ನು ಬೇರಿನಲ್ಲಿಯೇ ಬಿಡಿಸಿತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗ ಸಿಕ್ಕಿತು. ಅಲ್ಲಿ ‘ಕ’ ಎಂಬುದಕ್ಕೆ ಒಂದು ಸಂಖ್ಯೆ ಇದೆ, ಆ ಸಂಖ್ಯೆ ಜಗತ್ತಿನ ಯಾವ ಕಂಪ್ಯೂಟರಿನಲ್ಲಿಯೂ ‘ಕ’ ಅಲ್ಲದೆ ಬೇರೇನೂ ಆಗುವುದಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟಿನೊಂದಿಗೆ ಬಂದಿತ್ತು. ಅಂದರೆ ನೀವು ಕೆಲಸ ಆರಂಭಿಸಿದ ವರ್ಷದಲ್ಲಿಯೇ ದಾರಿ ತೆರೆದಿತ್ತು, ಆದರೆ ಊರಿನ ತರಬೇತಿ ಕೇಂದ್ರಗಳಲ್ಲಿ ಅದನ್ನು ಹೇಳಿಕೊಡುವವರು ಇರಲಿಲ್ಲ. ನಾನೂ ಅದೇ ವರ್ಷಗಳಲ್ಲಿ ಹಳೆಯ ಫಾಂಟಿನಲ್ಲಿಯೇ ಬರೆಯುತ್ತಿದ್ದೆ.

ಈಗ ಮಾಡಬೇಕಾದ ಕೆಲಸ. ಪರಿವರ್ತನೆಗೆ ಕೈ ಹಾಕುವ ಮೊದಲು ಎಲ್ಲ ಸಿ.ಡಿ.ಗಳ ಕಡತಗಳನ್ನು ಲ್ಯಾಪ್‌ಟಾಪಿಗೂ ಒಂದು ಹೊರಗಿನ ಡಿಸ್ಕಿಗೂ ನಕಲು ಮಾಡಿಕೊಳ್ಳಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುವಂತೆ ಸಿ.ಡಿ.ಯ ಮೈಗೂ ಹಿಡಿಯುತ್ತದೆ. ನನ್ನಲ್ಲಿದ್ದ ಒಂದು ಕಟ್ಟು ಸಿ.ಡಿ.ಗಳಲ್ಲಿ ಮೂರು ಹೀಗೆಯೇ ಹೋದವು, ಅವುಗಳಲ್ಲಿ ತಂದೆಯವರ ಮಾತಿನ ಧ್ವನಿಮುದ್ರಣವೂ ಇತ್ತು. ಇಂದು ಓದಲು ಸಿಗುವ ಸಿ.ಡಿ. ಮುಂದಿನ ಆಟಿಯ ಮಳೆಗಾಲದಲ್ಲಿ ಸಿಗುತ್ತದೆ ಎಂದು ನಂಬಬೇಡಿ.

ನುಡಿ, ಬರಹ ಎರಡರಲ್ಲಿಯೂ ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಇದೆ. ಒಂದು ಸಲಕ್ಕೆ ಒಂದು ಪ್ರಸಂಗವನ್ನು ಮಾತ್ರ ತಿರುಗಿಸಿ, ಮೂಲ ಕಡತವನ್ನು ಮುಟ್ಟದೆ ಬದಿಯಲ್ಲಿ ಇಟ್ಟುಕೊಂಡು, ಎರಡನ್ನೂ ಹೋಲಿಸಿ ಓದಿ. ನೀವು ಕಣ್ಣಿಟ್ಟು ನೋಡಬೇಕಾದದ್ದು ಅರ್ಕಾವತ್ತನ್ನು. ಭಾಮಿನಿ ಷಟ್ಪದಿಯ ಮುಂದೆ ನೀವು ಬರೆದಿರುವ ‘ವಾರ್ಧಕ’ ಎಂಬ ಛಂದಸ್ಸಿನ ಹೆಸರನ್ನೇ ತೆಗೆದುಕೊಳ್ಳಿ: ಹಳೆಯ ಕಡತದಲ್ಲಿ ಕಣ್ಣಿಗೆ ಕಾಣುವ ಕ್ರಮದಂತೆ ‘ವಾ’, ‘ಧ’, ಅದರ ಬಲಗಡೆಗೆ ಅರ್ಕಾವತ್ತು, ಆಮೇಲೆ ‘ಕ’ ಇವೆ, ಯೂನಿಕೋಡಿನಲ್ಲಿ ಬಾಯಿಂದ ಹೊರಡುವ ಕ್ರಮದಂತೆ ‘ರ’ಕಾರ ಮೊದಲು, ‘ಧ’ ಆಮೇಲೆ ಬರಬೇಕು. ಪರಿವರ್ತಕ ಈ ಎರಡರ ಜಾಗವನ್ನು ಅದಲುಬದಲು ಮಾಡಬೇಕಾಗುತ್ತದೆ, ಒಂದು ಅಕ್ಷರಕ್ಕೆ ಎರಡು ಒತ್ತು ಇರುವ ಕಡೆ ಅದು ಎಡವುವುದುಂಟು. ಹಾಗೆಯೇ ನಡುವೆ ನೀವು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದಿದ್ದರೆ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ತಿರುಗಿಸಿಬಿಡುತ್ತದೆ. ತಾಳದ ಹೆಸರು ಹೋಗಿ ಬೇರೇನೋ ಬಂದಿದ್ದರೆ ಅದನ್ನು ಹಿಡಿಯಬಲ್ಲವರು ಪ್ರಸಂಗ ಬಲ್ಲ ನೀವೇ. ಈ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿ ಸುಮ್ಮನಾಗಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಟೈಪ್ ಮಾಡಿದ್ದು ಯಾವ ಕೀಲಿಮಣೆಯಲ್ಲಿ ಎಂದು ನೀವು ಹೇಳಿಲ್ಲ, ಆದರೆ ನುಡಿಯಲ್ಲಿ ಬರೆದವರ ಬೆರಳು ಮರೆಯದ ಆ ವಿನ್ಯಾಸಕ್ಕೆ ಮೂಲ ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರ ಚಿಂತನೆ. ಅಕ್ಷರದ ಆಕಾರವನ್ನು ಹುಡುಕುವ ಬದಲು ಉಚ್ಚಾರವನ್ನು ಅನುಸರಿಸಿ ಒತ್ತಿದರೆ ಸಾಕು, ಜೋಡಿಸುವ ಕೆಲಸ ಯಂತ್ರದ್ದು ಎಂಬುದು ಅದರ ತಿರುಳು. ಆ ಕೀಲಿಮಣೆ ಯೂನಿಕೋಡಿನಲ್ಲಿಯೂ ಇರುವುದರಿಂದ ತಿದ್ದುವಾಗ ನೀವು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ.

ತಿದ್ದಿದ ಮೇಲೆ ಒಂದು ಪ್ರತಿಯನ್ನು ಬಣ್ಣ, ದಪ್ಪಕ್ಷರ ಯಾವುದೂ ಇಲ್ಲದ ಬರಿಯ ಪಠ್ಯ ಕಡತವಾಗಿಯೂ ಉಳಿಸಿ. ಇಪ್ಪತ್ತು ವರ್ಷಗಳ ನಂತರ ಯಾವ ಕಂಪನಿಯ ತಂತ್ರಾಂಶ ಬದುಕಿರುತ್ತದೆ ಎಂದು ಯಾರೂ ಹೇಳಲಾರರು, ಬರಿಯ ಪಠ್ಯವನ್ನು ಮಾತ್ರ ಎಲ್ಲವೂ ಓದುತ್ತವೆ. ಇನ್ನೊಂದು ಕೋರಿಕೆ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷ ಕಳೆದ ಕೃತಿಗಳ ಮೇಲೆ ಹಕ್ಕುಸ್ವಾಮ್ಯ ಇರುವುದಿಲ್ಲ. ಪಾರ್ತಿ ಸುಬ್ಬನಂಥವರ ಪ್ರಸಂಗಗಳು ನಿಮ್ಮ ಸಂಗ್ರಹದಲ್ಲಿ ಇದ್ದರೆ ಅವುಗಳನ್ನು ಮೂಲ ಕೃತಿಗಳನ್ನು ಎಲ್ಲರೂ ಓದುವಂತೆ ಇಡುವ ಜಾಲತಾಣವಾದ ಕನ್ನಡ ವಿಕಿಸೋರ್ಸಿಗೆ ಸೇರಿಸಿ. ಆಗ ಅವು ಒಂದು ಮನೆಯ ಒಂದು ಡಿಸ್ಕನ್ನು ನಂಬಿಕೊಂಡು ಇರಬೇಕಾಗುವುದಿಲ್ಲ.

ಪ್ರಶ್ನೆ: ನಾನು ಮುದ್ರಣಾಲಯದಲ್ಲಿ ಡಿ.ಟಿ.ಪಿ. ಕೆಲಸ ಮಾಡುತ್ತೇನೆ. ಎಲ್ಲರೂ ಯೂನಿಕೋಡ್ ಎನ್ನುತ್ತಾರೆ, ಆದರೆ ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಅದು ಒಡೆದುಹೋಗುತ್ತದೆ. ಮದುವೆ ಕಾಗದಕ್ಕೆ ಬೇಕಾದ ಚಂದದ ಅಕ್ಷರಗಳೂ ಹಳೆಯ ಫಾಂಟಿನಲ್ಲಿಯೇ ಹೆಚ್ಚು. ನಾವೇಕೆ ಬದಲಾಗಬೇಕು? — ಅಕ್ಷರ ಜೋಡಣೆಗಾರ್ತಿ, ಉಡುಪಿ

ಉತ್ತರ: ಮದುವೆ ಕಾಗದಕ್ಕಾಗಿ ಬದಲಾಗಬೇಕಾಗಿಲ್ಲ, ಅಕ್ಕಾ. ಮದುವೆ ಮುಗಿದ ಮೇಲೆ ಆ ಕಡತವನ್ನು ಯಾರೂ ಹುಡುಕುವುದಿಲ್ಲ. ನನಗೆ ಚಿಂತೆ ಇರುವುದು ನಿಮ್ಮಲ್ಲಿ ಅಚ್ಚಾಗುವ ಪುಸ್ತಕಗಳದ್ದು, ದೇವಸ್ಥಾನಗಳ ಸ್ಮರಣ ಸಂಚಿಕೆಗಳದ್ದು, ಶಾಲೆಗಳ ಶತಮಾನೋತ್ಸವದ ಹೊತ್ತಗೆಗಳದ್ದು. ಊರಿನ ಚರಿತ್ರೆ ಬೇರೆಲ್ಲಿಯೂ ಇಲ್ಲದಷ್ಟು ವಿವರವಾಗಿ ಈ ಸಂಚಿಕೆಗಳಲ್ಲಿ ಇರುತ್ತದೆ.

ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0, ಅದು ಬಂದದ್ದು 2001ರಲ್ಲಿ. ಒತ್ತಕ್ಷರಗಳನ್ನು ತಾನಾಗಿ ಕೂಡಿಸುವ ಬುದ್ಧಿ ಅದಕ್ಕೆ ಇಲ್ಲ, ಇನ್ನು ಬರುವುದೂ ಇಲ್ಲ. ಹಾಗಾಗಿ ನೀವು ದಿನವೂ ಮಾಡುತ್ತಿರುವುದು ಏನೆಂದು ನನಗೆ ಗೊತ್ತಿದೆ: ಲೇಖಕರು ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಬರೆದು ಕಳುಹಿಸುತ್ತಾರೆ, ನೀವು ಅದನ್ನು ಹಳೆಯ ಫಾಂಟಿಗೆ ಇಳಿಸಿ ಪುಟ ಕಟ್ಟುತ್ತೀರಿ, ಇಳಿಸುವಾಗ ಆದ ತಪ್ಪುಗಳನ್ನು ಕರಡಿನಲ್ಲಿ ತಿದ್ದುತ್ತೀರಿ, ನಾಲ್ಕು ವರ್ಷ ಕಳೆದು ಎರಡನೆಯ ಮುದ್ರಣಕ್ಕೆ ಅಥವಾ ಇ-ಪುಸ್ತಕಕ್ಕೆ ಅದನ್ನೇ ಮತ್ತೆ ಯೂನಿಕೋಡಿಗೆ ಏರಿಸುತ್ತೀರಿ. ಎರಡು ಸಲ ಹೊಳೆ ದಾಟಿಸಿದ ಸಾಮಾನಿನಲ್ಲಿ ಒಂದೆರಡು ನೀರಿಗೆ ಬೀಳದೆ ಇರುವುದಿಲ್ಲ. ಪುಟ ಕಟ್ಟುವ ಇನ್ನೊಂದು ತಂತ್ರಾಂಶವಾದ ಇನ್‌ಡಿಸೈನಿನ ಹೊಸ ಆವೃತ್ತಿಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಕೂಡಿಸುತ್ತವೆ. ಹಣ ಕೊಡುವುದು ಕಷ್ಟವೆನಿಸಿದರೆ ಉಚಿತವಾದ ಸ್ಕ್ರೈಬಸ್ ಇದೆ. ಪುಸ್ತಕಗಳನ್ನಾದರೂ ಅಲ್ಲಿಗೆ ಸಾಗಿಸಿ ಎಂದು ನಿಮ್ಮ ಮಾಲೀಕರಿಗೆ ಈ ಪುಟವನ್ನು ತೋರಿಸಿ.

ಒಂದು ಹಳೆಯ ಸಂಗತಿಯನ್ನು ಇಲ್ಲಿ ನೆನೆಯಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು. ಕಲ್ಲಚ್ಚಿನಲ್ಲಿ ಪುಟವೆಂದರೆ ಇಡಿಯಾದ ಒಂದು ಚಿತ್ರ. ಮುದ್ರಿಸಿದ ಮೇಲೆ ಕಲ್ಲನ್ನು ಉಜ್ಜಿ ಇನ್ನೊಂದು ಪುಟಕ್ಕೆ ಸಿದ್ಧಪಡಿಸುತ್ತಿದ್ದರು. ಲೋಹದ ಅಚ್ಚುಮೊಳೆ ಬಂದ ಮೇಲೆ ಅಕ್ಷರ ಬಿಡಿಯಾಯಿತು, ಬಿಡಿಯಾದ ಅಕ್ಷರವನ್ನು ಯಾವ ಪದಕ್ಕೂ ಮತ್ತೆ ಬಳಸಬಹುದಾಯಿತು, ಅದೇ ಮುದ್ರಣಾಲಯದಿಂದ 1894ರಲ್ಲಿ ಕಿಟೆಲ್ ಅವರ ಬೃಹತ್ ನಿಘಂಟು ಹೊರಬಂತು. ಹಳೆಯ ಫಾಂಟಿನ ಕಡತ ನನ್ನ ಕಣ್ಣಿಗೆ ಕಲ್ಲಚ್ಚಿನಂತೆ ಕಾಣುತ್ತದೆ: ಮುದ್ರಿಸಿದ ಕಾಗದ ಸುಂದರವಾಗಿರುತ್ತದೆ, ಒಳಗಿನ ಅಕ್ಷರ ಬೇರೆ ಯಾವ ಕೆಲಸಕ್ಕೂ ಒದಗುವುದಿಲ್ಲ. ಅದರಿಂದ ಮಾಡಿದ ಪಿ.ಡಿ.ಎಫ್. ಕೂಡ ಹಾಗೆಯೇ, ನೋಡಲು ಕನ್ನಡ, ಅದರೊಳಗೆ ಒಂದು ಊರಿನ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಮೊಳೆಯ ಊರಾದ ಕರಾವಳಿ ಮತ್ತೆ ಕಲ್ಲಿಗೆ ಹೋಗಬಾರದು ಎಂಬುದು ನನ್ನ ಆಸೆ.

ಪ್ರಶ್ನೆ: ನಮ್ಮ ಮಹಿಳಾ ಮಂಡಲದ ಸದಸ್ಯರ ಪಟ್ಟಿಯಲ್ಲಿ ‘ಮಂಗಳೂರು’ ಎಂದು ಹುಡುಕಿದರೆ 40 ಹೆಸರು ಬರಬೇಕಾದಲ್ಲಿ 26 ಮಾತ್ರ ಬರುತ್ತವೆ. ಪಟ್ಟಿ ಯೂನಿಕೋಡಿನಲ್ಲಿಯೇ ಇದೆ, ಕಾಗುಣಿತವೂ ಸರಿ ಇದೆ. — ಗೃಹಿಣಿ, ಕದ್ರಿ

ಉತ್ತರ: ಉಳಿದ 14 ಸಾಲುಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರಬೇಕು. ‘ಮ೦ಗಳೂರು’, ‘ಮಂಗಳೂರು’ ಇವೆರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅಂಕಿ, ಎರಡನೆಯದರಲ್ಲಿ ಇರುವುದು ಅನುಸ್ವಾರ. ಕಣ್ಣಿಗೆ ಎರಡೂ ಒಂದೇ ಬಿಂದು, ಕಂಪ್ಯೂಟರಿಗೆ ಅವು ಅಂಗಡಿಯ ಎರಡು ಬೇರೆ ಡಬ್ಬಿಗಳು. ಸೊನ್ನೆಯನ್ನು ನಕಲು ಮಾಡಿ ‘ಹುಡುಕಿ ಬದಲಿಸು’ ಎಂಬಲ್ಲಿ ಅಂಟಿಸಿ, ಅದರ ಬದಲಿಗೆ ಅನುಸ್ವಾರ ಹಾಕಿ. ಆದರೆ ಪಟ್ಟಿಯಲ್ಲಿ ದೂರವಾಣಿ ಸಂಖ್ಯೆಗಳನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಆ ಅಂಕಣವನ್ನು ಬಿಟ್ಟು ಹೆಸರು ಮತ್ತು ವಿಳಾಸದ ಅಂಕಣಗಳನ್ನು ಮಾತ್ರ ಆರಿಸಿಕೊಳ್ಳಿ, ಇಲ್ಲವಾದರೆ ಸಂಖ್ಯೆಗಳೊಳಗಿನ ಸೊನ್ನೆಗಳೆಲ್ಲ ಅನುಸ್ವಾರವಾಗುತ್ತವೆ.

ಇದಾದ ಮೇಲೂ ಒಂದೆರಡು ಪದ ಸಿಗದಿದ್ದರೆ ಕಾರಣ ಕಾಣದ ಅಕ್ಷರ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ’ಕ್ಕೆ ‘ವ’ ಒತ್ತಾಗಿ ಇಳಿಯದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಇರುತ್ತದೆ. ಒಬ್ಬರು ಅದನ್ನು ಹಾಕಿದ್ದು ಇನ್ನೊಬ್ಬರು ಹಾಕದೆ ಇದ್ದರೆ ಕೆಲವು ತಂತ್ರಾಂಶಗಳು ಎರಡನ್ನೂ ಬೇರೆ ಪದವೆಂದು ಎಣಿಸುತ್ತವೆ. ಪಟ್ಟಿಗೆ ಹೆಸರು ಸೇರಿಸುವ ಕೆಲಸ ಒಬ್ಬರದ್ದೇ ಆದರೆ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಕೃತಕ ಬುದ್ಧಿಮತ್ತೆ ನಿಮಿಷದಲ್ಲಿ ಕೋಡ್ ಬರೆದುಕೊಡುವಾಗ ನಾವು ಇಷ್ಟು ಕಷ್ಟಪಟ್ಟು ಕಲಿಯುವುದರಿಂದ ಏನು ಬಂತು? ಮನೆಯವರೂ ಇದನ್ನೇ ಕೇಳುತ್ತಿದ್ದಾರೆ. — ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ನಿಮ್ಮ ಪ್ರಶ್ನೆಗೆ ಉದ್ಯೋಗದ ಲೆಕ್ಕದಲ್ಲಿ ಉತ್ತರಿಸುವವರು ಬಹಳ ಜನ ಇದ್ದಾರೆ. ನಾನು ಒಂದು ಸಣ್ಣ ಪ್ರಯೋಗವನ್ನು ಮುಂದಿಡುತ್ತೇನೆ. ‘ಹೆಸರಿನ ಮೊದಲ ಮೂರು ಅಕ್ಷರ ತೆಗೆದುಕೊಡುವ ಪ್ರೋಗ್ರಾಂ ಬರೆ’ ಎಂದು ಆ ಯಂತ್ರಕ್ಕೆ ಹೇಳಿ, ಬಂದ ಕೋಡಿಗೆ ‘ಲಕ್ಷ್ಮೀ’ ಎಂಬ ಹೆಸರನ್ನು ಕೊಡಿ. ಮೂರು ಸಂಕೇತಗಳನ್ನು ಎಣಿಸಿ ಕತ್ತರಿಸುವ ಸಾಮಾನ್ಯ ಕೋಡ್ ಆಗಿದ್ದರೆ ಸಿಗುವುದು ‘ಲಕ್’. ಒಂದನೆಯ ತರಗತಿಯ ಮಗುವಿಗೆ ಲಕ್ಷ್ಮೀ ಎಂದರೆ ಎರಡೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಅದು ಲ, ಕ, ವಿರಾಮ (ಅರ್ಧಾಕ್ಷರದ ಚಿಹ್ನೆ), ಷ, ವಿರಾಮ, ಮ, ದೀರ್ಘ ಈಕಾರದ ಚಿಹ್ನೆ ಹೀಗೆ ಏಳು. ಇಂಗ್ಲಿಷ್ ಹೆಸರಿನಲ್ಲಿ ಮಾತ್ರ ಪರೀಕ್ಷಿಸಿ ಸರಿ ಎಂದು ಬಿಟ್ಟವರಿಗೆ ಈ ತಪ್ಪು ಎಂದಿಗೂ ಕಾಣಿಸುವುದಿಲ್ಲ.

ನನ್ನ ಅತ್ತೆಯವರ ಹೆಸರಿನಲ್ಲಿ ಒತ್ತಕ್ಷರವಿದೆ. ಒಂದು ಕಚೇರಿಯಿಂದ ಅವರಿಗೆ ಬಂದ ಪ್ರಮಾಣಪತ್ರದಲ್ಲಿ ಹೆಸರು ನಡುವೆ ಕತ್ತರಿಸಿಹೋಗಿ, ಕೊನೆಯಲ್ಲಿ ಒಂದು ಅರ್ಧಾಕ್ಷರ ನೇತಾಡುತ್ತಿತ್ತು. ಅದನ್ನು ಸರಿಪಡಿಸಿಕೊಳ್ಳಲು 74 ವರ್ಷದ ಅವರು ಮೂರು ಸಲ ಬಸ್ ಹತ್ತಬೇಕಾಯಿತು. ಆ ತಂತ್ರಾಂಶ ಬರೆದವರು ಕೆಟ್ಟವರಲ್ಲ. ಕನ್ನಡದ ಅಕ್ಷರ ಕಂಪ್ಯೂಟರಿನಲ್ಲಿ ಹೇಗೆ ಕೂರುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಬರೆಯುವ ಶ್ರಮವನ್ನು ಯಂತ್ರ ತೆಗೆದುಕೊಂಡರೆ ತೆಗೆದುಕೊಳ್ಳಲಿ, ನಾನೂ ಅದನ್ನು ಬಳಸುತ್ತೇನೆ. ಬಂದದ್ದು ಸರಿಯೇ, ಯಾರ ಮಟ್ಟಿಗೆ ಸರಿ, ಯಾವ ಹೆಸರಿನ ಮುಂದೆ ಮುರಿಯುತ್ತದೆ ಎಂದು ಕೇಳಬಲ್ಲವರು ಬೇಕು. ಹಾಗೆ ಕೇಳುವುದಕ್ಕೆ ಒಳಗಿನ ರಚನೆ ತಿಳಿದಿರಬೇಕು. ಯೂನಿಕೋಡನ್ನು ಕಡತಕ್ಕೆ ಇಳಿಸುವ ಸಾಮಾನ್ಯ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ (ಕಂಪ್ಯೂಟರಿನ ಜಾಗದ ಅಳತೆ) ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಇದರಿಂದಾಗಿ ‘ಉಡುಪಿ’ 15 ಬೈಟ್, ‘ಮಂಗಳೂರು’ 21 ಬೈಟ್. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಎರಡು ಸಾಲು ಬರೆದು ಇದನ್ನು ನೀವೇ ಎಣಿಸಿ ನೋಡಿ, ಏಳು ಮತ್ತು ಮೂರರ ಗುಣಾಕಾರ ಎಲ್ಲಿಂದ ಬಂತು ಎಂದು ಮನೆಯವರಿಗೆ ವಿವರಿಸಿ. ಅಷ್ಟು ವಿವರಿಸಲು ಬಂದರೆ ಅವರ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಪ್ರಶ್ನೆ: ತುಳು ಲಿಪಿಗೆ ಯೂನಿಕೋಡ್ ಸಿಕ್ಕಿದೆ ಎಂದು ಎರಡು ವರ್ಷಗಳ ಹಿಂದೆಯೇ ಓದಿದ್ದೆ. ನನ್ನ ಮೊಬೈಲಿನಲ್ಲಿ ಮಾತ್ರ ಈಗಲೂ ಬರಿಯ ಚೌಕಗಳು ಕಾಣುತ್ತವೆ. ಅಜ್ಜಿ ಹೇಳಿದ ಪಾಡ್ದನಗಳನ್ನು (ತುಳುವಿನ ಕಥನ ಹಾಡುಗಳನ್ನು) ತುಳು ಲಿಪಿಯಲ್ಲಿಯೇ ಬರೆದಿಡಬೇಕೆಂಬ ಆಸೆ. ಕಾಯಬೇಕೆ? — ಬ್ಯಾಂಕ್ ಉದ್ಯೋಗಿ, ಮೂಡುಬಿದಿರೆ

ಉತ್ತರ: ನೀವು ಓದಿದ್ದು ನಿಜ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16.0 ಆವೃತ್ತಿಯಲ್ಲಿ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ ಈ ಲಿಪಿ ಸೇರಿತು. ಕರಾವಳಿಯ ಮನೆಗಳ ತಾಳೆಗರಿಗಳಲ್ಲಿ ಹೆಚ್ಚಾಗಿ ಸಂಸ್ಕೃತವನ್ನೂ ಸ್ವಲ್ಪ ಮಟ್ಟಿಗೆ ತುಳುವನ್ನೂ ಬರೆಯಲು ಬಳಸಿದ ಲಿಪಿ ಇದು. ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ, ಎಷ್ಟೋ ಮನೆಗಳ ಅಟ್ಟದ ಮೇಲಿನ ಗರಿಗಳಿಗೆ ಆ ದಿನ ಒಂದು ವಿಳಾಸ ಸಿಕ್ಕಿತು. ಆದರೆ ಯೂನಿಕೋಡ್ ಕೊಡುವುದು ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆಗೆ ಆಕಾರ ಕೊಡುವ ಫಾಂಟ್, ಒತ್ತುಗಳನ್ನು ಕೂಡಿಸುವ ವ್ಯವಸ್ಥೆ, ಟೈಪ್ ಮಾಡುವ ಕೀಲಿಮಣೆ ಈ ಮೂರೂ ನಿಮ್ಮ ಮೊಬೈಲಿಗೆ ಬಂದ ಮೇಲೆಯೇ ಚೌಕ ಹೋಗಿ ಅಕ್ಷರ ಕಾಣುವುದು. ಕನ್ನಡಕ್ಕೆ 1991ರಲ್ಲಿ ಸ್ಥಾನ ಸಿಕ್ಕಿ, ಸಾಮಾನ್ಯರ ಕಂಪ್ಯೂಟರಿಗೆ ಅದು ಇಳಿದದ್ದು ಹತ್ತು ವರ್ಷಗಳ ನಂತರ.

ಆದ್ದರಿಂದ ಕಾಯಬೇಡಿ. ಅಜ್ಜಿ ಕಾಯಲಾರರು. ಇಂದೇ ಮೊಬೈಲಿನಲ್ಲಿ ಅವರ ಧ್ವನಿಯನ್ನು ಮುದ್ರಿಸಿ, ಕೇಳುತ್ತಾ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವ ರೂಢಿ ಬಾಸೆಲ್ ಮಿಶನ್ನಿನವರ ಕಾಲದಿಂದ ಬಂದದ್ದು. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯ ಇರುವುದೂ ಕನ್ನಡ ಲಿಪಿಯಲ್ಲಿಯೇ. ಪದದ ಕೊನೆಯಲ್ಲಿ ಅರೆಯಾಗಿ ಕೇಳುವ ಉಕಾರವನ್ನು ಹೇಗೆ ಗುರುತಿಸುತ್ತೀರಿ ಎಂದು ಮೊದಲ ಪುಟದಲ್ಲಿ ಬರೆದಿಟ್ಟು, ಕೊನೆಯ ತನಕ ಅದೇ ಕ್ರಮವನ್ನು ಪಾಲಿಸಿ. ಕ್ರಮ ಒಂದೇ ಆಗಿದ್ದರೆ ಮುಂದೆ ಇಡೀ ಪಠ್ಯವನ್ನು ತುಳು ಲಿಪಿಗೆ ತಿರುಗಿಸುವುದು ಸುಲಭ.

ಒಂದು ಎಚ್ಚರಿಕೆ ಮಾತ್ರ ಬೇಕು. ಕನ್ನಡದ ಸಂಖ್ಯೆಗಳ ಮೇಲೆ ತುಳು ಲಿಪಿಯ ಆಕಾರ ಕೂರಿಸಿದ ಫಾಂಟ್ ಯಾರಾದರೂ ಕೊಟ್ಟರೆ, ಅದನ್ನು ನಾಮಫಲಕಕ್ಕೋ ಆಮಂತ್ರಣಕ್ಕೋ ಬಳಸಿ. ಪಾಡ್ದನದ ಮೂಲಪ್ರತಿಯನ್ನು ಹಾಗೆ ಇಟ್ಟು ‘ಇದು ತುಳು ಲಿಪಿಯ ಕಡತ’ ಎಂದು ನಂಬಿದರೆ, ಬ್ರಹ್ಮಾವರದ ಮಾಸ್ತರರು ಇಂದು ಬರೆದ ಪತ್ರವನ್ನು ಇಪ್ಪತ್ತು ವರ್ಷಗಳ ಮೇಲೆ ನಿಮ್ಮ ಮಕ್ಕಳು ಬರೆಯಬೇಕಾಗುತ್ತದೆ.

ಪ್ರಶ್ನೆ: ಅಂಗಡಿಯ ಕಂಪ್ಯೂಟರ್ 2016ರದ್ದು. ವಿಂಡೋಸ್ 10ಕ್ಕೆ ಇನ್ನು ರಕ್ಷಣೆ ಇಲ್ಲ, 11 ಇದರಲ್ಲಿ ಹಿಡಿಸುವುದಿಲ್ಲ, ಹೊಸದನ್ನೇ ತೆಗೆಯಿರಿ ಎನ್ನುತ್ತಾರೆ ರಿಪೇರಿಯವರು. ಯಂತ್ರ ಚೆನ್ನಾಗಿಯೇ ಓಡುತ್ತಿದೆ. — ಜೆರಾಕ್ಸ್ ಅಂಗಡಿ, ಹಂಪನಕಟ್ಟೆ

ಉತ್ತರ: ರಿಪೇರಿಯವರು ಹೇಳಿದ ಮೊದಲ ಎರಡು ಮಾತು ಸರಿ. ವಿಂಡೋಸ್ 10ರ ಉಚಿತ ಭದ್ರತಾ ನವೀಕರಣ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ಅವಧಿಯನ್ನು ಮೈಕ್ರೋಸಾಫ್ಟ್ ಕೊಟ್ಟಿತು. ವಿಂಡೋಸ್ 11ಕ್ಕೆ ಬೇಕಾದ ಟಿ.ಪಿ.ಎಂ. 2.0 ಭದ್ರತಾ ವ್ಯವಸ್ಥೆ ನಿಮ್ಮ ಯಂತ್ರದಲ್ಲಿ ಇರಲೂಬಹುದು, ಆದರೆ ಇಂಟೆಲ್ ಪ್ರೊಸೆಸರ್ ಎಂಟನೆಯ ಪೀಳಿಗೆಯದ್ದಾದರೂ ಆಗಿರಬೇಕು, 2016ರ ಯಂತ್ರದಲ್ಲಿ ಅದು ಇರುವುದಿಲ್ಲ. ಮೂರನೆಯ ಮಾತನ್ನು ನಾನು ಒಪ್ಪುವುದಿಲ್ಲ. ಓಡುವ ಯಂತ್ರವನ್ನು ತಂತ್ರಾಂಶದ ತಾರೀಕು ಮುಗಿಯಿತೆಂದು ಗುಜರಿಗೆ ಹಾಕುವುದು ದೊಡ್ಡ ಅನ್ಯಾಯ.

ಗಿರಾಕಿಗಳ ಕಡತ ತೆರೆದು ಮುದ್ರಿಸುವುದಷ್ಟೇ ಕೆಲಸವಾದರೆ ಅದರಲ್ಲಿ ವಿಂಡೋಸಿನ ಬದಲಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ರೂಪಗಳಾದ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿ. ತಲಪಾಡಿ ದಾಟಿದರೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲಿಯೇ ಕಲಿಯುತ್ತಿದ್ದಾರೆ. ಯೂನಿಕೋಡ್ ಕನ್ನಡ ಅಲ್ಲಿ ಸರಿಯಾಗಿ ಕಾಣುತ್ತದೆ, ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯೂ ಸಿಗುತ್ತದೆ. ಹಾಕಿಸುವ ಮೊದಲು ಎರಡನ್ನು ಖಚಿತಪಡಿಸಿಕೊಳ್ಳಿ: ನಿಮ್ಮ ಮುದ್ರಣ ಯಂತ್ರಕ್ಕೆ ಅದರಲ್ಲಿ ಚಾಲಕ ತಂತ್ರಾಂಶ ಇದೆಯೇ, ಬಿಲ್ಲಿನ ತಂತ್ರಾಂಶ ವಿಂಡೋಸನ್ನೇ ಕೇಳುತ್ತದೆಯೇ. ಎರಡನೆಯದಕ್ಕೆ ಹೌದು ಎಂದಾದರೆ ಆ ಒಂದು ಕೆಲಸಕ್ಕೆ ಬೇರೆ ಯಂತ್ರ ಬೇಕು. ಹಳೆಯದನ್ನು ಜಾಲದಿಂದ ಬಿಡಿಸಿ, ಹಳೆಯ ಫಾಂಟಿನ ಕಡತ ಹೊತ್ತು ಬರುವ ಗಿರಾಕಿಗಳಿಗಾಗಿ ಮೂಲೆಯಲ್ಲಿ ಇಟ್ಟುಕೊಳ್ಳಿ. ಅಂಥವರು ನಿಮ್ಮಲ್ಲಿಗೆ ಇನ್ನೂ ಕೆಲವು ವರ್ಷ ಬರುತ್ತಾರೆ.

ಪ್ರಶ್ನೆ: ಸಂಘದ ಸದಸ್ಯರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳುಹಿಸಿದರೆ ಒಂದು ಸಂದೇಶಕ್ಕೆ ಎರಡು, ಮೂರು ಎಂದು ಲೆಕ್ಕ ಹಾಕುತ್ತಾರೆ. ಇಂಗ್ಲಿಷಿಗೆ ಹಾಗಿಲ್ಲ. ಇದು ಮೋಸವೆ? — ಕಾರ್ಯದರ್ಶಿ, ಸೌಹಾರ್ದ ಸಹಕಾರಿ, ಕಾಪು

ಉತ್ತರ: ಮೋಸವಲ್ಲ, ಜಾಗದ ಕೊರತೆ. ಒಂದು ಎಸ್ಸೆಮ್ಮೆಸ್ಸಿಗೆ ಇರುವುದು 140 ಬೈಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾಗುವುದರಿಂದ ಅದರಲ್ಲಿ 160 ಅಕ್ಷರ ಹಿಡಿಸುತ್ತವೆ. ಕಡತದಲ್ಲಿ ಮೂರು ಬೈಟ್ ಹಿಡಿಯುವ ಕನ್ನಡದ ಒಂದೊಂದು ಸಂಕೇತಕ್ಕೂ ಎಸ್ಸೆಮ್ಮೆಸ್ಸಿನ ಕ್ರಮದಲ್ಲಿ ಎರಡು ಬೈಟ್ ಬೇಕಾಗುವುದರಿಂದ ಹಿಡಿಸುವುದು 70. ಒಂದಕ್ಕಿಂತ ಹೆಚ್ಚಾದರೆ ಬಿಡಿ ಭಾಗಗಳನ್ನು ಜೋಡಿಸುವ ಗುರುತಿಗೂ ಜಾಗ ಹೋಗಿ, ಪ್ರತಿ ಭಾಗಕ್ಕೆ 67 ಉಳಿಯುತ್ತದೆ. ಒತ್ತು, ಕೊಂಬು, ತೆರಪು ಎಲ್ಲವೂ ಈ ಲೆಕ್ಕದಲ್ಲಿ ಸೇರುತ್ತವೆ.

ಇದಕ್ಕಾಗಿ ಇಂಗ್ಲಿಷಿಗೆ ಹೋಗಬೇಡಿ. ನಿಮ್ಮ ಸದಸ್ಯರಲ್ಲಿ ಕನ್ನಡವನ್ನೇ ಓದುವವರು ಹೆಚ್ಚು. ನೀವು ಕಳುಹಿಸಿದ ಮಾದರಿಯಲ್ಲಿ ‘ಈ ಮೂಲಕ ತಮಗೆಲ್ಲರಿಗೂ ತಿಳಿಯಪಡಿಸುವುದೇನೆಂದರೆ’ ಎಂಬುದನ್ನು ಬಿಟ್ಟು, ‘ಭಾನುವಾರ ಸಂಜೆ 4ಕ್ಕೆ ಸಂಘದ ಕಚೇರಿಯಲ್ಲಿ ಮಹಾಸಭೆ. ತಪ್ಪದೆ ಬನ್ನಿ.’ ಎಂದು ಬರೆದರೆ 56 ಸ್ಥಾನಗಳಲ್ಲಿ ಮುಗಿಯುತ್ತದೆ. ಒಂದು ತೆರಪು ಬಿಟ್ಟು ‘ಕಾರ್ಯದರ್ಶಿ’ ಎಂದು ಸೇರಿಸಿದರೂ ಇನ್ನು ಮೂರು ಸ್ಥಾನ ಉಳಿದಿರುತ್ತವೆ.